ಭೂತಕೋಲ ಎಂದರೆ ದೆವ್ವದ ಪೂಜೆಯೇ?

ಕರಾವಳಿಯ ತುಳುನಾಡಿನಲ್ಲಿ ನಡೆಯುವ ಭೂತಕೋಲ ಎಂಬ ಆರಾಧನೆ ದೆವ್ವದ ಪೂಜೆ, ಹೆಸರೇ ಹೇಳುತ್ತದೆ ಎನ್ನುವ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಇದು ತಪ್ಪು.

ಸಂಸ್ಕೃತ ಮೂಲದಲ್ಲಿ ಭೂತ ಎಂದರೆ ಆದದ್ದು, ಇರುವಂಥದ್ದು. ಪಂಚಭೂತ, ಭೂತಕಾಲ, ಭೂತದಯೆಯಲ್ಲಿ ದೆವ್ವ ಎಲ್ಲೂ ಇಲ್ಲ, ಅಲ್ವಾ? ಹೆದರಿಸುವ ಅರ್ಥವೂ ಬಳಕೆಯಲ್ಲಿದೆ, ಆದರೆ ಅದೊಂದೇ ಅಲ್ಲ.

ಕರಾವಳಿಯಲ್ಲಿ ಭೂತವೆಂದರೆ ದೈವ. ಪಂಜುರ್ಲಿ ಹಂದಿ ರೂಪದ ದೈವ. ದೈವಗಳಾಗಿ ಪೂಜೆಗೊಳ್ಳುವ ಕೋಟಿ ಚೆನ್ನಯರು ಹೋರಾಡಿ ಮಡಿದ ವೀರರೆಂದು ತುಳು ಜನಪದ ಕಥನಗೀತೆಗಳಾದ ಪಾಡ್ದನಗಳು ಹಾಡುತ್ತವೆ. ಜನ ದೈವದ ಮುಂದೆ ಜಮೀನಿನ ಜಗಳ, ಮನೆಯ ಕಷ್ಟ ಹೇಳಿಕೊಂಡು ನ್ಯಾಯ ಕೇಳುತ್ತಾರೆ. ಇದನ್ನು ದೆವ್ವದ ಪೂಜೆ ಎಂದು 19ನೇ ಶತಮಾನದ ಇಂಗ್ಲಿಷ್ ಬರಹಗಳೂ ಕರೆದಿದ್ದವು. ಹಾಗಾಗಿ ಅವನ್ನು ಓದಿದವರು ಹಾಗೆ ನಂಬಿದ್ದರೆ ಆಶ್ಚರ್ಯವಿಲ್ಲ.

ಇಂಥ ಸಂದೇಶ ಬಂದರೆ ಒಳ್ಳೆಯ ಕನ್ನಡ ನಿಘಂಟು ತೆರೆಯಿರಿ. ಮೊದಲ ಅರ್ಥಕ್ಕೇ ನಿಲ್ಲದೆ ಎಲ್ಲವನ್ನೂ ಓದಿ. ಕೋಲ ನಡೆಸುವ ಊರಿನವರನ್ನೂ ಕೇಳಿ.