ಬಲಗಣ್ಣಿಲ್ಲದ ಕಾರು

ಕಾರಿನ ಹೆಡ್‌ಲೈಟ್ ಕೆಟ್ಟಿರುವ ಸುದ್ದಿ ಊರಿಗೆಲ್ಲ ಗೊತ್ತಾದ ಮೇಲೆಯೇ ಅದರ ಯಜಮಾನನಿಗೆ ಗೊತ್ತಾಗುತ್ತದೆ. ಬೀದಿದೀಪಗಳಿರುವ ಪೇಟೆಯಲ್ಲಿ ಒಂದು ಲೈಟು ಹೋದರೂ ರಸ್ತೆ ಕಾಣುತ್ತಲೇ ಇರುವುದರಿಂದ ಸ್ಟಿಯರಿಂಗ್ ಹಿಡಿದವನಿಗೆ ಅನುಮಾನವೇ ಬರುವುದಿಲ್ಲ. ಎದುರಿನವರು ಲೈಟು ಮಿಟುಕಿಸಿ ಎಚ್ಚರಿಸುವುದೇನೋ ನಿಜ. ಆದರೆ ನಮ್ಮ ರಸ್ತೆಗಳಲ್ಲಿ ಮಿಟುಕಿದ ಲೈಟು 'ಮುಂದೆ ಪೊಲೀಸರಿದ್ದಾರೆ' ಎಂದೂ ಹೇಳುತ್ತದೆ, 'ಡಿಮ್ ಮಾಡು' ಎಂದೂ ಹೇಳುತ್ತದೆ, ಬಹುಪಾಲು 'ನಾನು ನುಗ್ಗುತ್ತೇನೆ, ನೀನು ನಿಲ್ಲು' ಎಂದೇ ಹೇಳುತ್ತದೆ. ಹೀಗಾಗಿ ಆ ಸಂಜೆ ಮೂಡಿಗೆರೆಯಿಂದ ಈಚೆಗೆ ನಮಗೆ ಯಾರು ಲೈಟು ಹೊಡೆದರೂ ನಾವು ಸೀಟ್ ಬೆಲ್ಟ್ ಸರಿಪಡಿಸಿಕೊಂಡು, ಇನ್ಶೂರೆನ್ಸ್ ಕಾಗದವನ್ನು ತೆಗೆದು ಕೈಗೆ ಸಿಗುವಂತೆ ಇಟ್ಟುಕೊಂಡು, ಬಹಳ ಶಿಸ್ತಿನಿಂದ ಮುಂದುವರಿದೆವು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯತೊಡಗಿದಾಗ ಮಂಜು ಇಳಿದಿತ್ತು. 155 ಮೀಟರ್ ಮುಂದಿರುವ ಜನ ಮತ್ತು ವಾಹನಗಳು ಸ್ಪಷ್ಟವಾಗಿ ಕಾಣದಷ್ಟು ಬೆಳಕು ಕಡಿಮೆಯಾದರೆ ದೀಪ ಹಾಕಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಮಳೆಗಾಲದ ಚಾರ್ಮಾಡಿಯಲ್ಲಿ ಮಟಮಟ ಮಧ್ಯಾಹ್ನ ಹದಿನೈದು ಮೀಟರ್ ಕಂಡರೂ ಪೂರ್ವಜನ್ಮದ ಪುಣ್ಯವೆನ್ನಬೇಕು.

ಒಂದು ತಿರುವಿನಲ್ಲಿ, ಕರಾವಳಿಯಿಂದ ಮೇಲೇರುತ್ತಿದ್ದ ಮೀನಿನ ಪಿಕಪ್ ಒಂದು ನಮ್ಮ ಬಾನೆಟ್ಟಿನ ಮೇಲೇ ಹತ್ತುವಂತೆ ಬಂದು, ಕಿರ್ರೆಂದು ಬ್ರೇಕ್ ಹಾಕಿ, ಗೇಣು ದೂರದಲ್ಲಿ ನಿಂತಿತು. ಐಸಿನ ನೀರು ತೊಟ್ಟಿಕ್ಕುತ್ತಿದ್ದ ಆ ಗಾಡಿಯಿಂದ ತಲೆ ಹೊರಹಾಕಿದ ಚಾಲಕ, "ಎಂಥದು ಮಾರಾಯ್ರೇ, ದೂರದಿಂದ ಬೈಕ್ ಇದ್ರಿ, ಹತ್ತಿರ ಬಂದು ಕಾರ್ ಆದ್ರಿ!" ಎಂದು ನಮ್ಮನ್ನೇ ಆಕ್ಷೇಪಿಸಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ರಸ್ತೆಯ ಎಡಬದಿಯಲ್ಲಿ ಸಾಗುವ ನಮ್ಮ ದೇಶದಲ್ಲಿ ಎದುರಿನ ವಾಹನಕ್ಕೆ ಹತ್ತಿರವಾಗುವುದು ಕಾರಿನ ಬಲಬದಿ. ಬಲಗಡೆಯ ಲೈಟೇ ಹೋಗಿ ಎಡಗಡೆಯದೊಂದೇ ಉರಿಯುತ್ತಿದ್ದರೆ, ಯಾವುದೋ ಬೈಕು ಅಂಚು ಹಿಡಿದು ಮರ್ಯಾದೆಯಿಂದ ಬರುತ್ತಿದೆಯೆಂದು ನಂಬಿದ ಚಾಲಕ, ಖಾಲಿಯಿದೆಯೆಂದು ತಾನು ಭಾವಿಸಿದ ಜಾಗದೊಳಕ್ಕೆ ಗಾಡಿ ನುಗ್ಗಿಸುತ್ತಾನೆ. ಆ ಖಾಲಿ ಜಾಗದಲ್ಲಿ ನಾನು ಕುಳಿತಿರುತ್ತೇನೆ. ನನ್ನ ಮಟ್ಟಿಗೆ, ಎರಡೂ ಲೈಟು ಹೋಗಿ ಕಾರು ಮೂಲೆಗೆ ನಿಲ್ಲುವುದಕ್ಕಿಂತ ಒಂದೇ ಹೋಗುವುದು ಹೆಚ್ಚು ಅಪಾಯಕಾರಿ. ಏಕೆಂದರೆ ದಾರಿ ಅರ್ಧಂಬರ್ಧ ಕಾಣುವುದರಿಂದ ನಾವು ಓಡಿಸುತ್ತಲೇ ಇರುತ್ತೇವೆ.

ಅಗಲವಾದ ಜಾಗ ನೋಡಿ ಕಾರು ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಮಿಟುಕುವಂತೆ ಮಾಡಿ ಇಳಿದೆವು. ನಾನು ಫ್ಯೂಸುಗಳ ಪೆಟ್ಟಿಗೆ ತೆರೆದು ಮೊಬೈಲ್ ಬೆಳಕಿನಲ್ಲಿ ಒಂದೊಂದನ್ನೇ ಪರೀಕ್ಷಿಸುತ್ತಿರುವಾಗ, ಜೀವಮಾನವಿಡೀ ರೇಡಿಯೊ ಗುದ್ದಿಯೇ ವಾರ್ತೆ ಕೇಳಿದ ನಮ್ಮ ಮಾವನವರು ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು, ಹೆಡ್‌ಲೈಟಿನ ಪಕ್ಕಕ್ಕೆ ಅಂಗೈಯಿಂದ ಒಂದೇಟು ಬಿಟ್ಟರು. ಲೈಟು ಝಗ್ಗನೆ ಹತ್ತಿಕೊಂಡಿತು. "ನಡೀರಿ ಅಳಿಯಂದ್ರೆ" ಎಂದು ಅವರು ಶಾಂತವಾಗಿ ಹೇಳಿದ ಆ ಕ್ಷಣದಿಂದ ಕಾರಿನೊಳಗೆ ನನ್ನ ಮಾತಿಗೆ ಬೆಲೆಯಿಲ್ಲದಂತಾಯಿತು. ಮುಂದಿನ ಹೊಂಡಕ್ಕೇ ಲೈಟು ಮತ್ತೆ ಹೋಯಿತು. ಮಾವನವರು ಮತ್ತೆ ಇಳಿದರು. ಉಳಿದ ದಾರಿಗೆ ಬ್ರೈಟ್ ಹಾಕಬೇಕೆಂದು ಹಿಂದಿನ ಸೀಟಿನಿಂದ ಒತ್ತಾಯ ಬಂದು ಹಾಕಿದರೆ, ಮಂಜಿನ ಸಣ್ಣ ಹನಿಗಳು ಆ ಬೆಳಕನ್ನೆಲ್ಲ ನಮ್ಮ ಕಣ್ಣಿಗೇ ಹಿಂದಿರುಗಿಸಿ, ಸುಣ್ಣ ಬಳಿದ ಗೋಡೆಯೊಂದು ಕಾರಿನ ಮುಂದೆ ಎದ್ದಿತು. ಡಿಮ್ಮಿಗೇ ಮರಳಿ, ಹಾರ್ನ್ ಹೊಡೆಯುತ್ತ, ತೆವಳುತ್ತ ಘಾಟಿ ಇಳಿದೆವು.

ಉಜಿರೆಯ ಆಟೋ ಎಲೆಕ್ಟ್ರಿಷಿಯನ್ ಅಂಗಡಿಯಲ್ಲಿದ್ದ ಹುಡುಗ ಟೆಸ್ಟ್ ಲ್ಯಾಂಪ್ ಹಿಡಿದು ಅಲ್ಲಲ್ಲಿ ಚುಚ್ಚಿ ನೋಡಿ, "ಬಲ್ಬಿಗೆ ಎಂಥ ಆಗ್ಲಿಲ್ಲ ಸರ್, ಅರ್ಥಿಂಗ್ ಇಲ್ಲ" ಎಂದ. ಕರೆಂಟು ಹಿಂದಿರುಗಲೆಂದು ಕಾರಿನ ಲೋಹದ ಮೈಗೆ ಬಿಗಿದಿದ್ದ ಕಪ್ಪು ವೈರಿನ ತುದಿ ಮಳೆನೀರಿಗೆ ತುಕ್ಕು ಹಿಡಿದು, ಬೋಲ್ಟಿನ ಸುತ್ತ ಕಂದು ಪುಡಿಯಾಗಿ ಕುಳಿತಿತ್ತು. ಅದನ್ನು ಅವನು ಎಮರಿ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿದ. ಬಲ್ಬನ್ನು ಹೊರತೆಗೆದಾಗ ಬುಡವನ್ನಷ್ಟೇ ಹಿಡಿದು, ಗಾಜಿಗೆ ಬೆರಳು ತಾಗಿಸದೆ ಬಟ್ಟೆಯ ಮೇಲಿಟ್ಟ. ಹ್ಯಾಲೊಜೆನ್ ಬಲ್ಬಿಗೆ ಬೆರಳಿನ ಜಿಡ್ಡು ಅಂಟಿದರೆ, ಉರಿಯುವಾಗ ಆ ಜಾಗ ವಿಪರೀತ ಕಾದು ಬಲ್ಬು ಬೇಗ ಹೋಗುತ್ತದೆಯಂತೆ.

ಇಷ್ಟು ದೂರ ಬಂದಿದ್ದೇವೆ, ಬ್ರೈಟಿಗೆ 100, ಡಿಮ್ಮಿಗೆ 90 ಎನ್ನುವ 100/90 ವ್ಯಾಟಿನ ಬಲ್ಬನ್ನೇ ಹಾಕಿಸಿಬಿಡಿ ಎಂದು ಮಾವನವರು ಸಲಹೆಯಿತ್ತರು. ಹುಡುಗ ಒಪ್ಪಲಿಲ್ಲ. ಕಂಪನಿಯವರು ಕೊಟ್ಟಿರುವುದು 60/55 ವ್ಯಾಟಿನ ಬಲ್ಬಿಗೆ ತಕ್ಕ ವೈರು. ದೊಡ್ಡದು ಹಾಕಿದರೆ ಹೋಲ್ಡರ್ ಕರಗುತ್ತದೆ, ಎದುರಿನವರ ಕಣ್ಣು ಕುಕ್ಕುತ್ತದೆ, ಮೇಲಾಗಿ ಅದು ಕಾನೂನಿಗೂ ವಿರುದ್ಧ ಎಂದ. ಮಾವನವರ ಮಾತನ್ನು ಎದುರಿಗೇ ತಳ್ಳಿಹಾಕಿದ ಆ ಹುಡುಗನ ಬಗ್ಗೆ ನನ್ನಲ್ಲಿ ಅಪಾರ ಗೌರವ ಮೂಡಿ, ಅವನು ಕೇಳಿದ ಇನ್ನೂರು ರೂಪಾಯಿಯನ್ನು ಚೌಕಾಸಿಯಿಲ್ಲದೆ ಕೊಡಲು ಜೇಬಿಗೆ ಕೈಹಾಕಿದೆ.

ಮಾವನವರು ಮಾತ್ರ ಹುಡುಗನಿಗೆ ಅಡ್ಡ ನಿಂತು, ಇದೇ ಲೈಟನ್ನು ತಾವು ಘಾಟಿಯುದ್ದಕ್ಕೂ ಪುಕ್ಕಟೆಯಾಗಿ ರಿಪೇರಿ ಮಾಡಿಕೊಂಡು ಬಂದಿರುವುದರಿಂದ ಐವತ್ತು ರೂಪಾಯಿಯಾದರೂ ಬಿಡಲೇಬೇಕೆಂದು ವಾದ ಹೂಡಿದರು.