ಮರಕ್ಕೆ ರಸೀದಿ ಕೇಳಿದವರಿಗೆ

ರಸ್ತೆ ಅಗಲ ಮಾಡಲೆಂದು ನಮ್ಮ ಬೀದಿಯ, ಆಲದ ಜಾತಿಯ ಮೂರು ಗೋಣಿಮರಗಳು ಈಗಾಗಲೇ ಉರುಳಿವೆ. ಉಳಿದವುಗಳ ತೊಗಟೆ ಕೆತ್ತಿ ನಂಬರು ಬರೆದಿದ್ದಾರೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಸುಡುತ್ತಿರುವುದು ಅವನ್ನು ಉಳಿಸಿ ಎಂಬ ಮನವಿ ಹಿಡಿದು ಇಂದು ಬೆಳಿಗ್ಗೆ ಹೋಗಿದ್ದ ಕಚೇರಿಯಲ್ಲಿ ಕೇಳಿಸಿಕೊಂಡ ಮಾತು.

“ತಾತನ ಕಾಲದ ಮರ ಅಂತ ಬರೆದಿದ್ದೀರಲ್ಲ ಯಜಮಾನರೇ, ನೆಟ್ಟಿದ್ದಕ್ಕೆ ರಸೀದಿ ಇದೆಯಾ?”

ಹೀಗೆಂದವರು ನನ್ನ ಮನವಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಪಕ್ಕದ ಮೇಜಿಗೂ ಕೇಳುವಂತೆ ಓದತೊಡಗಿದರು. ‘ಪಾರಂಪರಿಕ ಮೌಲ್ಯ’ ಎಂಬಲ್ಲಿ ತಡೆದು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಅದನ್ನೇ ಇನ್ನೊಮ್ಮೆ ರಾಗ ಎಳೆದು ಓದಿದರು. ಖಾತೆ ಬದಲಾವಣೆಗೆಂದು ಕಾದು ಕುಳಿತಿದ್ದವರೂ ನಕ್ಕರು. ನಾನೂ ನಕ್ಕೆ, ಏಕೆ ನಕ್ಕೆನೋ ತಿಳಿಯದು, ಅದೇ ಈಗ ನಿದ್ದೆಗೆಡಿಸುತ್ತಿದೆ.

ರಸೀದಿ ಎಲ್ಲಿಂದ ತರಲಿ? ಗೋಣಿ, ಆಲ, ಅರಳಿಗಳಲ್ಲಿ ವರ್ಷದ ಉಂಗುರಗಳೂ ನಂಬುವಷ್ಟು ಸ್ಪಷ್ಟವಾಗಿ ಮೂಡುವುದಿಲ್ಲವಾದ್ದರಿಂದ, ಕಡಿದ ಬೊಡ್ಡೆಯನ್ನೇ ಮೇಜಿನ ಮೇಲಿಟ್ಟರೂ ವಯಸ್ಸು ಸಾಬೀತಾಗದು. ಮೋಪಿಗೆ ಒದಗದ ಮೆದು ಮರವಾದ್ದರಿಂದ ಸೌದೆಯ ಬೆಲೆಗೆ ಇಳಿಯುತ್ತದೆ. ಅದರ ಹಣ್ಣಿಗೆ ಬರುವ ಕುಟ್ರುಹಕ್ಕಿ, ಬಾವಲಿಗಳಿಗೆ ಆ ಲೆಕ್ಕದಲ್ಲಿ ಕಾಲಂ ಇಲ್ಲ.

ಕಾನೂನು ಇಲ್ಲವೆಂದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರಗಳನ್ನು ತೆಗೆಯುವುದಾದರೆ ಜನರ ಆಕ್ಷೇಪಣೆಯನ್ನೂ ಕರೆಯಬೇಕು. ನಮ್ಮ ಬೀದಿಯ ದೌರ್ಭಾಗ್ಯವೆಂದರೆ ಇಲ್ಲಿ ಅಷ್ಟು ಮರಗಳೇ ಇಲ್ಲ. ಇದೇ ಚಿಕ್ಕಮಗಳೂರು ಜಿಲ್ಲೆಯ ಹೊಗರೆಕಾನ್ ಬೆಟ್ಟವನ್ನು 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು, ಸಂತೋಷ. ಬೆಟ್ಟದ ಮೇಲೆ ಪರಂಪರೆಯಾದದ್ದು ಬಡಾವಣೆಗೆ ಇಳಿದ ಕೂಡಲೇ ಅಡಚಣೆಯಾಗುವುದು ಹೇಗೆ? ಯಾರಾದರೂ ಉತ್ತರಿಸಿ, ಬೈದಾದರೂ ಉತ್ತರಿಸಿ.

ಹೋಗಲಿ, ರಸ್ತೆ ಅಗಲವಾಗಲೇಬೇಕು; ನನ್ನ ಸ್ಕೂಟರೂ ಅದೇ ರಸ್ತೆಯಲ್ಲಿ ಓಡುತ್ತದೆ. ಪೆನ್ಷನ್ ಎಣಿಸಿಕೊಂಡು ಇರಬೇಕಾದ ಮನುಷ್ಯ ಕಾನೂನಿನ ಜೆರಾಕ್ಸ್ ಹಿಡಿದು, ಇಸ್ತ್ರಿ ಅಂಗಿ ತೊಟ್ಟು, ಮರದ ವಕೀಲನಂತೆ ಹೊರಟರೆ ನಗದೆ ಇನ್ನೇನು ಮಾಡಿಯಾರು?

ಆದರೂ ಬಿಡಲಾಗುತ್ತಿಲ್ಲ. ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆಂದರಲ್ಲ, ಆ ಹತ್ತನ್ನು ಯಾವ ಬೀದಿಯಲ್ಲಿ ನೆಡುತ್ತಾರೆ, ನೀರು ಹಾಕುವವರು ಯಾರು? ನಾಳೆ ಮತ್ತೆ ಹೋಗುತ್ತೇನೆ. ಪ್ರಯೋಜನವಿಲ್ಲವೆಂದು ಗೊತ್ತು, ಆದರೆ ಮನವಿಗೆ ಸ್ವೀಕೃತಿಯ ಮೊಹರನ್ನೂ ಅವರು ಹಾಕಿಕೊಟ್ಟಿಲ್ಲ.