ಮೀನಿನ ಗಾಡಿಯ ಸಪ್ಪಳ

ಭಾನುವಾರ ಬೆಳಿಗ್ಗೆ ಗಂಗಾವತಿಯ ನಮ್ಮ ಓಣಿಗೆ ಮೀನಿನವನ ಟಿವಿಎಸ್ ಬರುತ್ತದೆ. ಅವನು ‘ಮೀನ್ರೀ ಮೀನ’ ಎಂದು ಕೂಗುವ ಮೊದಲೇ, ಕಟ್ಟೆಯ ಮೇಲೆ ಸತ್ತಂತೆ ಬಿದ್ದಿದ್ದ ನಮ್ಮ ಬೆಕ್ಕಿನ ಕಿವಿ ನಿಮಿರುತ್ತದೆ. ಹಾಲಿನವನ ಬೈಕಿಗೆ ಅದು ಕಣ್ಣೂ ತೆರೆಯುವುದಿಲ್ಲ. ಆ ಹಾಲಿಗೆ ಎಷ್ಟು ನೀರು ಬಿದ್ದಿದೆ ಎಂಬುದು ಅದಕ್ಕೂ ಗೊತ್ತಿರಬೇಕು.

ಬೆಕ್ಕಿನ ಕಾಟಕ್ಕೆ ಬೇಸತ್ತ ಮೀನಿನವನು ಒಮ್ಮೆ ಓಣಿಯ ತುದಿಯಲ್ಲೇ ಎಂಜಿನ್ ಬಂದ್ ಮಾಡಿ ಗಾಡಿ ತಳ್ಳಿಕೊಂಡು ಬಂದ. ಎರಡು ವಾರ ನಡೆಯಿತು. ಮೂರನೇ ವಾರ ಬೆಕ್ಕು ಓಣಿಯ ತುದಿಯಲ್ಲೇ ಕೂತಿತ್ತು.

ಅಲಾಸ್ಕಾದ ಮೀನುಗಾರರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ಅವರು ಕಿಲೋಮೀಟರುಗಟ್ಟಲೆ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ, ಆಳದಲ್ಲಿ ಬಿಟ್ಟು, ಸೇಬಲ್ ಮೀನು ಹಿಡಿಯುತ್ತಾರೆ. ಹಗ್ಗ ಎಳೆಯುವಾಗ ದೋಣಿಯ ಎಂಜಿನ್ ಒಮ್ಮೆ ಗೇರಿಗೆ ಬಿದ್ದು, ಒಮ್ಮೆ ಬಿಟ್ಟು ಸದ್ದು ಮಾಡುತ್ತದೆ. ಆ ಸದ್ದು ಕೇಳಿದರೆ ಸಾಕು, ಬಸ್ಸಿಗಿಂತ ಉದ್ದದ ಸ್ಪರ್ಮ್ ತಿಮಿಂಗಿಲಗಳು ಹಾಜರು. 2006ರಲ್ಲಿ ನೀರಿನೊಳಗಿನ ಕ್ಯಾಮೆರಾದಲ್ಲಿ ಒಂದು ಸಿಕ್ಕಿಬಿತ್ತು: ಹಗ್ಗವನ್ನು ದವಡೆಯಲ್ಲಿ ಹಿಡಿದು ತಂತಿ ಮೀಟಿದಂತೆ ಮೀಟಿ ಮೀನು ಉದುರಿಸಿಕೊಳ್ಳುತ್ತಿತ್ತು. ‘ಕೊಲೆಗಾರ ತಿಮಿಂಗಿಲ’ ಎಂದು ಹೆಸರಾದ ಓರ್ಕಾಗಳದು ಇನ್ನೂ ನಾಜೂಕು. ಅವು ಮೀನು ತಿಂದು ಗಾಳದಲ್ಲಿ ತುಟಿ ಮಾತ್ರ ಬಿಟ್ಟು ಹೋಗುತ್ತವೆ. ನಮ್ಮ ಬೆಕ್ಕು ಅದನ್ನೂ ಬಿಡುವುದಿಲ್ಲ.

ಇದರಲ್ಲಿ ಮನುಷ್ಯರ ಪಾಲೂ ಇದೆ. ವರ್ಷದಲ್ಲಿ ಕೆಲವೇ ದಿನ ನಡೆಯುತ್ತಿದ್ದ ಮೀನುಗಾರಿಕೆ, 1995ರಲ್ಲಿ ಪ್ರತಿಯೊಬ್ಬರಿಗೂ ಇಷ್ಟಿಷ್ಟು ಎಂದು ಪಾಲು ಗೊತ್ತು ಮಾಡಿದ ಮೇಲೆ ಎಂಟು ತಿಂಗಳಿಗೆ ಹಿಗ್ಗಿತು. ಎಂಟು ತಿಂಗಳು ಪಂಕ್ತಿ ಹಾಕಿ ಕೂತರೆ ಯಾರು ಬರುವುದಿಲ್ಲ ಹೇಳಿ? ದೋಣಿಯ ಸದ್ದನ್ನು ಮುದ್ರಿಸಿ, ಬೇರೆಲ್ಲೋ ಕೇಳಿಸಿ, ತಿಮಿಂಗಿಲಗಳನ್ನು ದಾರಿ ತಪ್ಪಿಸಲೂ ನೋಡಿದ್ದಾರೆ. 2017ರಿಂದ ಗಾಳ ಬಿಟ್ಟು ಪಂಜರದಂಥ ಬೋನಿನಲ್ಲಿ ಹಿಡಿಯಲು ಅಲ್ಲಿನ ಕೊಲ್ಲಿಯಲ್ಲಿ ಅನುಮತಿಯಿದೆ. ಬೋನಿನಲ್ಲಿರುವ ಮೀನಿಗೆ ಬಾಯಿ ಹಾಕುವುದು ಅಷ್ಟು ಸಲೀಸಲ್ಲ.

ಇದನ್ನೆಲ್ಲ ಮೀನಿನವನಿಗೆ ಹೇಳಿದೆ. ಕಾಟ್ಲಾದ ಹೊಟ್ಟೆ ಸೀಳುತ್ತಲೇ ಕೇಳಿಸಿಕೊಂಡ.

“ಅಷ್ಟ್ ದೂರ ಯಾಕ್ರಿ ಅಕ್ಕಾರ? ನಮ್ಮ ಹೊಳ್ಯಾಗ ನೀರನಾಯಿ ಅದಾವಲ್ರಿ. ಬಲಿ ಹರದು ಮೀನ ಒಯ್ತಾವು. ಹೊಡದ್ರ ನಮ್ಮ ಮ್ಯಾಲೇ ಕೇಸು.”

ನಿಜ. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಉದ್ದವನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಸಾರಿದ್ದಾರೆ. ಹರಿದ ಬಲೆ ಹೊಲಿಯುತ್ತ ಕೂತವನಿಗೆ ಇದು ಕಳ್ಳನಿಗೇ ಪೊಲೀಸ್ ಕಾವಲು ಕೊಟ್ಟಂತೆ ಕಂಡರೆ ತಪ್ಪೆನ್ನಲಾರೆ. ನೀರುನಾಯಿಯನ್ನು ಕೇಳಿದರೆ ಹೊಳೆಗೆ ಮೊದಲು ಬಂದವರು ಯಾರು ಎಂದೀತು.

ಈಗ ಅವನು ತಕ್ಕಡಿ ತೆಗೆಯುವ ಮೊದಲೇ ಒಂದು ಮೀನಿನ ತಲೆ ಬೆಕ್ಕಿಗೆ ಎಸೆಯುತ್ತಾನೆ. “ಸುಂಕ ಕಟ್ಟಿ ಯಾಪಾರ ಮಾಡೋದ ಚಲೋರಿ” ಎಂದು ನಕ್ಕ.

ಕಳೆದ ವಾರ ಓಣಿಯ ತುದಿಯಲ್ಲಿ ಮೂರು ಬೆಕ್ಕು ಕೂತಿದ್ದವು.